ಹರಿದ ಕಿವಿಯವರಿಗೆಲ್ಲ ಬಂದ ಕರೆ

ಒಂದು ಕಾಡಿನಲ್ಲಿ ಮಲ್ಲವ್ವ ಎಂಬ ಜಿಂಕೆ ಇದ್ದಳು. ಹೋದ ಬೇಸಿಗೆಯ ಕಾಳ್ಗಿಚ್ಚಿನಲ್ಲಿ ಅವಳ ಮಗಳು ತಪ್ಪಿಹೋಗಿದ್ದಳು. ಅಂದಿನಿಂದ ತಾಯಿಗೆ ಹುಲ್ಲು ರುಚಿಸದು. ಎಲೆ ಅಲ್ಲಾಡಿದರೂ ಸಾಕು, ಕತ್ತೆತ್ತಿ ನೋಡುತ್ತಿದ್ದಳು.

ಗುಡ್ಡದ ಮೇಲಿನ ಮರದಲ್ಲಿ ಒಬ್ಬ ಮುದಿ ಕೋತಿ. ಕಾಡಿನವರ ಗುರುತೆಲ್ಲ ಅವನ ತಲೆಯಲ್ಲಿತ್ತು. "ಇಂಥವರು ಬೇಕು" ಎಂದರೆ ಕೂಗಿ ಕರೆಯುತ್ತಿದ್ದ. ಆ ಗುರುತು ಇದ್ದವರು ಬರಲೇಬೇಕು, ಇಲ್ಲದವರು ಬರಕೂಡದು. ಅದು ಅಲ್ಲಿನ ಕಟ್ಟಳೆ.

ಮಲ್ಲವ್ವನಿಗೆ ಮೊಣಕಾಲು ನೋವು, ಗುಡ್ಡ ಹತ್ತಲಾಗದು. ಆಗ ಬಂದ ನೋಡಿ ನರಿ ಸಿಂಗಣ್ಣ. ಮಾವನ ಪಾಲಿನ ಕೋಳಿಯನ್ನೇ ಕದ್ದು ಗವಿಯಿಂದ ಹೊರದಬ್ಬಿಸಿಕೊಂಡವನು. ಮಾತು ಮಾತ್ರ ಬೆಣ್ಣೆ!

"ನಾನಿಲ್ವೇನಕ್ಕಾ? ಗುರುತು ಹೇಳು, ಸಾಕು."

"ಜಿಂಕೆಯಾಗಿರಬೇಕು, ಕಿವಿ ಹರಿದಿರಬೇಕು, ಕಾಲು ಕುಂಟಾಗಿರಬೇಕು. ಮೂರೂ ಇರಬೇಕಪ್ಪಾ. ಒಂದಿಲ್ಲದಿದ್ದರೂ ನನ್ನ ಮಗಳಲ್ಲ."

ನರಿ ಗುಡ್ಡ ಹತ್ತುತ್ತ ಲೆಕ್ಕ ಹಾಕಿದ: ಮೂರೂ ಇದ್ದವಳು ಒಬ್ಬಳೇ ಬಂದಾಳು. ಯಾವುದಾದರೂ ಒಂದಿದ್ದರೆ ಸಾಕೆಂದರೆ? ಓಡಲಾರದ ಕುಂಟರೆಲ್ಲ ಬರುತ್ತಾರೆ! ನರಿಯ ಬಾಯಲ್ಲಿ ನೀರೂರಿತು. "ಜಿಂಕೆಯಾಗಲಿ, ಕಿವಿ ಹರಿದವರಾಗಲಿ, ಕುಂಟರಾಗಲಿ, ಬರಲಿ" ಎಂದ ಕೋತಿಗೆ. ಕೋತಿ ಹಾಗೇ ಕೂಗಿದ.

ಗುಡ್ಡದ ಬುಡಕ್ಕೆ ಬಂದರಪ್ಪಾ ಬಂದರು! ಜಿಂಕೆಗಳ ಹಿಂಡು, ಕುಂಟು ಮೊಲ, ಕಿವಿ ಹರಿದ ಹಂದಿ. ಮಲ್ಲವ್ವ ಸಿಕ್ಕವರನ್ನೆಲ್ಲ ಮೂಸಿ ನೋಡಿದಳು. ಎದೆ ಹಾರುವುದು, ಮತ್ತೆ ಕುಸಿಯುವುದು. "ಎಲ್ಲಿದ್ದೀಯೇ ನನ್ನ ಕೂಸೇ?" ಆ ಗದ್ದಲದಲ್ಲಿ ಯಾರಿಗೆ ಕೇಳೀತು?

ಅಷ್ಟರಲ್ಲಿ ಚಿರತೆಯೂ ಬಂದ. ಅವನ ಕಿವಿಯೂ ಹರಿದದ್ದೇ! ಹುಲಿಯೊಡನೆ ಕಾದಾಡಿದ ಗಾಯ ಅಂತ ಜಂಬ ಕೊಚ್ಚುತ್ತಿದ್ದ. ಹೆಂಡತಿ ಕಚ್ಚಿದ್ದು ಯಾರಿಗೆ ಗೊತ್ತಿಲ್ಲ?

"ನನ್ನ ಕಿವಿಯ ಸುದ್ದಿ ಎತ್ತಿದವನು ಯಾವನೋ?"

"ನರಿಯಣ್ಣ ಹೇಳಿಸಿದ್ದು, ಸ್ವಾಮಿ!" ಎಂದ ಕೋತಿ ಮೇಲಿನಿಂದ.

ನರಿ ಬಾಲ ತಿರುಗಿಸುವಷ್ಟರಲ್ಲಿ ಚಿರತೆ ಅವನ ಕತ್ತು ಹಿಡಿದು ಪೊದೆಗೆ ಎಳೆದೊಯ್ದ. ಮಿಕ್ಕವರು ದಿಕ್ಕಾಪಾಲಾದರು. ಮಲ್ಲವ್ವ ಒಬ್ಬಳೇ ಉಳಿದಳು.

ಏಳುತ್ತ ಬೀಳುತ್ತ ತಾನೇ ಗುಡ್ಡ ಹತ್ತಿದಳು. "ಮೂರೂ ಇದ್ದವಳು ಮಾತ್ರ ಬರಲಿ, ಅಜ್ಜಾ" ಎಂದಳು. ಕೋತಿ ಕೂಗಿದ.

ಕಾಡು ಸುಮ್ಮನಾಯಿತು. ಯಾರೂ ಬರಲಿಲ್ಲ. ಮಲ್ಲವ್ವನ ಕಣ್ಣು ಎದುರಿನ ಬಿದಿರುಮೆಳೆಯಲ್ಲೇ ನೆಟ್ಟಿತ್ತು. ಆಮೇಲೆ ತರಗೆಲೆಯ ಮೇಲೆ ಒಂದು ಕಾಲು ಎಳೆದು ಬರುವ ಸದ್ದು. ಮುಖ ಕಾಣುವ ಮೊದಲೇ ತಾಯಿಯ ಮೊಲೆ ಜುಮ್ಮೆಂದಿತು.

"ಅವ್ವಾ, ಆಗಲೂ ಬಂದಿದ್ದೆ. ಗದ್ದಲದಲ್ಲಿ ನೀನು ಕಾಣಲೇ ಇಲ್ಲ."

ನೀತಿ: ಬೇಕಾದವರನ್ನು ಹುಡುಕುವಾಗ ಎಲ್ಲ ಗುರುತನ್ನೂ ಸೇರಿಸಿ ನಾವೇ ಹೇಳಬೇಕು, ಇನ್ನೊಬ್ಬರು ಹೇಳಿದ ಗುರುತನ್ನು ತನ್ನ ಲಾಭಕ್ಕೆ ಸಡಿಲಿಸಿದವನು ಅದರಿಂದಲೇ ಕೆಡುತ್ತಾನೆ.