ನೀರು ಕುಡಿದಷ್ಟು ಸುಲಭ

ಊರವರು ನನ್ನನ್ನು ಏಳು ಕೆರೆ ನೀರು ಕುಡಿದವನು ಅನ್ನುತ್ತಾರೆ. ಆ ದಿನ ಮಾತ್ರ ಒಂದು ಗುಟುಕಿಗೆ ಬಾಯಿ ಬಿಡುತ್ತಿದ್ದೆ.

ನಾನು ಸೂರಪ್ಪಯ್ಯ, ಹುಲಿಗುಡ್ಡದ ದೊರೆ ಬೊಮ್ಮಯ್ಯ ನಾಯಕರ ಆಸ್ಥಾನದವನು. ಸಂಬಳ ಬುದ್ಧಿಗೆ, ಬೆಳೆದದ್ದು ಹೊಟ್ಟೆ.

ಒಂದು ದಿನ ಸವಾರಿ ಬೆಟ್ಟದ ಬುಡಕ್ಕೆ ಬಂದಾಗ ಉರಿಬಿಸಿಲಲ್ಲಿ ದೊರೆಗೆ ಹುಮ್ಮಸ್ಸು ಬಂತು.

"ಈ ಬೆಟ್ಟ ಹತ್ತುವುದೇನು ಮಹಾ? ನೀರು ಕುಡಿದಷ್ಟು ಸುಲಭ! ತುದಿ ಮುಟ್ಟುವ ತನಕ ನಾನು ಹನಿ ನೀರು ಮುಟ್ಟುವುದಿಲ್ಲ. ನೀವೂ ಮುಟ್ಟಕೂಡದು. ಮುಟ್ಟಿದವನಿಗೆ ಅರಮನೆ ಬಾಗಿಲು ಬಂದ್!"

"ಪ್ರಭುಗಳ ಮಾತೇ ಅಮೃತ" ಎಂದು ಎಲ್ಲರಿಗಿಂತ ಮೊದಲು ಕೂಗಿದವನು ನಾನೇ. ಆಗಿನ್ನೂ ನಾಲಿಗೆ ಒದ್ದೆಯಿತ್ತು ನೋಡಿ.

ಅರ್ಧ ಬೆಟ್ಟಕ್ಕೆ ನನ್ನ ಹೊಟ್ಟೆ ಮುಂದೆ, ಜೀವ ಹಿಂದೆ. ಅಲ್ಲೊಂದು ದೊಣೆ, ಬಂಡೆಯ ಗುಳಿ ತುಂಬ ತಿಳಿನೀರು. ಪಕ್ಕದ ಮನೆಯ ಹಬ್ಬದಡಿಗೆ ನೋಡುವಂತೆ ಎಲ್ಲರೂ ಅದನ್ನೇ ನೋಡಿದೆವು.

"ಕೆಂಚಣ್ಣ, ಕಹಳೆ ಊದು!" ಅಂದರು ದೊರೆ. ಅವರ ದನಿಯೂ ಒಡೆದಿತ್ತು.

ಮುದುಕ ಕೆಂಚಣ್ಣ ಊದಿದ. ಒಣತುಟಿಯಿಂದ ಬರೀ ಗಾಳಿ ಬಂತು. ಇನ್ನೊಮ್ಮೆ ಊದಲು ಹೋಗಿ ಕುಸಿದು ಕೂತ. ಹಣೆ ಮುಟ್ಟಿದೆ. ಬೆವರೇ ಇಲ್ಲ, ಸುಡುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು. ನಾನು ಅಮೃತ ಅಂದದ್ದಕ್ಕೆ ಇವನ ಪ್ರಾಣ ಹೋಗುತ್ತದಲ್ಲ!

ದೊಣೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಏನಯ್ಯ, ಸೋತೆಯಾ?"

"ಒಂದು ಅನುಮಾನ ಪ್ರಭು. ಬೆಟ್ಟ ಹತ್ತುವುದು ಎಷ್ಟು ಸುಲಭ ಅಂದಿರಿ?"

"ನೀರು ಕುಡಿದಷ್ಟು!"

"ನೀರು ಇಲ್ಲೇ ಇದೆ. ಕುಡಿಯಲೇ?"

"ಕೂಡದು! ಕೆಲಸ ಹೋದೀತು!"

"ಹಾಗಾದರೆ ನಿಮ್ಮ ರಾಜ್ಯದಲ್ಲಿ ನೀರು ಕುಡಿಯುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬೆಟ್ಟವೂ ಅಷ್ಟೇ ಕಷ್ಟ ಅಂತಾಯಿತು. ನಿಮ್ಮ ಮಾತು ಉಳಿಯಬೇಕಾದರೆ ಮೊದಲು ನೀರು ಕುಡಿಯುವುದನ್ನು ಸುಲಭ ಮಾಡಿ."

ದೊರೆ ನನ್ನನ್ನು ನೋಡಿದರು, ಕೆಂಚಣ್ಣನನ್ನು ನೋಡಿದರು. ನಗಲು ಹೋದರೆ ಒಣಕೆಮ್ಮು ಬಂತು.

"ಮೊದಲು ಅವನಿಗೆ ಕುಡಿಸಿರಯ್ಯ! ಎಲ್ಲರೂ ಕುಡಿಯಿರಿ!"

ಕೆಂಚಣ್ಣನ ತಲೆಗೆ ಒದ್ದೆಬಟ್ಟೆ ಕಟ್ಟಿ ಗುಟುಕು ಗುಟುಕಾಗಿ ಕುಡಿಸಿದೆವು. ದೊರೆಯಂತೂ ಬೊಗಸೆ ಸಾಲದೆ ಕಿರೀಟದಲ್ಲೇ ಮೊಗೆದರು. ಸ್ವಲ್ಪ ಹೊತ್ತಿಗೆ ಕೆಂಚಣ್ಣ ಕಣ್ಣರಳಿಸಿ ಕಹಳೆ ಊದಿದ. ಬೆಟ್ಟವೆಲ್ಲ ಮೊಳಗಿತು.

"ಏಳು ಸೂರಪ್ಪಯ್ಯ, ತುದಿಗೆ ಹೋಗೋಣ."

"ಹತ್ತುವುದು ನೀರು ಕುಡಿದಷ್ಟೇ ತಾನೆ ಪ್ರಭು? ನಾನು ಕುಡಿದಾಯಿತು. ಹತ್ತಿದ್ದೂ ಆಯಿತು!"

ಈ ಸಲ ದೊರೆಗೆ ನಗು ಸರಾಗವಾಗಿ ಬಂತು.

"ಭೇಷ್! ನಿನಗೆ ಬಹುಮಾನ ಕೊಡಲೇಬೇಕು. ಇನ್ನು ನಮ್ಮ ಸವಾರಿ ಹೊರಟಾಗಲೆಲ್ಲ ನೀರಿನ ಕೊಡ ನಿನ್ನ ತಲೆಯ ಮೇಲೆ!"

ಏಳು ಕೆರೆ ನೀರು ಕುಡಿದವನು ಅಂದಿನಿಂದ ಏಳು ಕೆರೆ ನೀರು ಹೊತ್ತವನಾದೆ.