ಓಟಗಾರನ ಊರಿನ ಹೆಸರು

“ಗುರುಗಳೇ, ಏನೂ ಇಲ್ಲದವನು ನನಗೇನೂ ಬೇಡ ಎನ್ನುವುದು ದೊಡ್ಡತನವೋ, ಬರಿಯ ಹಮ್ಮೋ?”

ಕೇಳಿದವನು ಶಿಷ್ಯ ನಾಗಿದೇವ. ಆ ದಿನ ಬೆಳಿಗ್ಗೆ ಸೀಮೆಯ ದೊರೆ ಮಠಕ್ಕೆ ಬಂದಿದ್ದ. ಜರತಾರಿ ಶಾಲು ಹೊದಿಸಲು ಮುಂದಾಗಿದ್ದ. ಉಂಬಳಿ ಬಿಡುವ ಮಾತನ್ನೂ ಆಡಿದ್ದ. ಗುರುಗಳು ಎರಡನ್ನೂ ನಗುತ್ತಲೇ ಬೇಡವೆಂದು ಕಳಿಸಿದ್ದರು. ಮಠದ ಸೂರು ಸೋರುತ್ತಿತ್ತು. ಮಧ್ಯಾಹ್ನಕ್ಕೆ ಅಂಬಲಿ ಬಿಟ್ಟರೆ ಬೇರೇನೂ ಇರಲಿಲ್ಲ. ನಾಗಿದೇವ ಅದನ್ನು ಕುಡಿದು ಬಂದೇ ಈ ಪ್ರಶ್ನೆ ಕೇಳಿದ್ದ.

ಗುರುಗಳಿಗೆ ಸಿಟ್ಟು ಬರಲಿಲ್ಲ. “ಕೂತುಕೋ. ಯವನರ ನಾಡಿನದೊಂದು ಕತೆಯಿದೆ” ಎಂದರು.

ಯವನರ ನಾಡಿನಲ್ಲಿ ಲಿಥಾಯ ಎಂಬ ಊರಿತ್ತು. ಬೆಟ್ಟದ ಮೇಲಿನ ಊರು. ಮಣ್ಣಿಗಿಂತ ಕಲ್ಲು ಹೆಚ್ಚು. ಒಂದಿಷ್ಟು ಜವೆಗೋಧಿ, ಒಂದಿಷ್ಟು ಆಲಿವ್ ಮರಗಳು, ಮನೆಮನೆಗೂ ಮೇಕೆಗಳು. ಊರಿಗೆ ಕೋಟೆ ಇರಲಿಲ್ಲ, ಅರಸನೂ ಇರಲಿಲ್ಲ. ತೀರ್ಮಾನವಾಗಬೇಕಾದ ಸಂಗತಿ ಏನಾದರೂ ಬಂದರೆ ಎಲ್ಲರೂ ಒಕ್ಕುವ ಕಣದಲ್ಲಿ ಸೇರಿ, ನೆಲದ ಮೇಲೆ ಕುಳಿತು ಮಾತಾಡುತ್ತಿದ್ದರು. ಪಕ್ಕದವನ ಮನೆಗಿಂತ ಎತ್ತರವಾಗಿ ಯಾರೂ ಮನೆ ಕಟ್ಟುತ್ತಿರಲಿಲ್ಲ. ಇದನ್ನು ಅವರು ಬಡತನ ಎಂದುಕೊಂಡಿರಲಿಲ್ಲ. ತಮ್ಮ ನೀರನ್ನು ತಾವೇ ಹೊರುವವರು, ಯಾರ ಬಾಗಿಲಲ್ಲೂ ನಿಲ್ಲದವರು ಎಂಬ ಹೆಮ್ಮೆ ಅವರಿಗಿತ್ತು. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಆ ಊರಿನಲ್ಲಿ ಲೈಕೋನ ಎಂಬ ಒಬ್ಬ ಮೇಕೆ ಕಾಯುವವನಿದ್ದ. ಬೆಟ್ಟದ ಇಳಿಜಾರಿನಲ್ಲಿ ಮೇಕೆಗಳ ಹಿಂದೆ ಓಡಿ ಬೆಳೆದವನು. ಅವನಷ್ಟು ವೇಗವಾಗಿ ಓಡುವವನು ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ.

ಯವನರೆಲ್ಲ ಕೆಲವು ವರ್ಷಗಳಿಗೊಮ್ಮೆ ಒಂದು ದೇವಸ್ಥಾನದ ಬಯಲಿನಲ್ಲಿ ಸೇರಿ ಪಂದ್ಯ ನಡೆಸುತ್ತಿದ್ದರು. ಗೆದ್ದವನ ತಲೆಗೆ ಆಲಿವ್ ಎಲೆಯ ದಂಡೆ ಮುಡಿಸುತ್ತಿದ್ದರು. ಬೇರೆ ಬಹುಮಾನವಿಲ್ಲ. ಆದರೆ ದಂಡೆ ಮುಡಿಸುವ ಮೊದಲು ಸಾರುವವನೊಬ್ಬ ಗೆದ್ದವನನ್ನು ಎಲ್ಲರೆದುರು ನಿಲ್ಲಿಸಿ, ನಿನ್ನ ಹೆಸರೇನು, ತಂದೆ ಯಾರು, ಊರು ಯಾವುದು ಎಂದು ಕೇಳುತ್ತಿದ್ದ. ಅವನು ಹೇಳಿದ್ದನ್ನು ದೊಡ್ಡ ದನಿಯಲ್ಲಿ ಸಾರುತ್ತಿದ್ದ. ಸೇರಿದ ಜನವೆಲ್ಲ ಆ ಊರಿನ ಹೆಸರನ್ನು ಒಟ್ಟಿಗೆ ಕೂಗುತ್ತಿತ್ತು. ಆ ಒಂದು ಕೂಗಿಗಾಗಿ ಓಟಗಾರರು ವರ್ಷಗಟ್ಟಲೆ ಮೈ ದಂಡಿಸುತ್ತಿದ್ದರು.

ಒಂದು ಪಂದ್ಯದಲ್ಲಿ ಲೈಕೋನ ಗೆದ್ದ. ಲಿಥಾಯ ಎಂಬ ಊರು ಇದೆಯೆಂದು ಲೋಕಕ್ಕೆ ಗೊತ್ತಾದದ್ದೇ ಆ ದಿನ. ಅವನು ತಂದ ದಂಡೆಯನ್ನು ತಾಯಿ ಬಾಗಿಲಿಗೆ ಕಟ್ಟಿದಳು. ಎಲೆ ಒಣಗುವ ಮೊದಲೇ ಪಕ್ಕದ ಮನೆಯ ಮೇಕೆ ಅದನ್ನು ತಿಂದುಹಾಕಿತು. ಊರೆಲ್ಲ ನಕ್ಕಿತು. ಲೈಕೋನನೂ ನಕ್ಕ. ಮಾರನೆಯ ದಿನ ಎಂದಿನಂತೆ ಮೇಕೆಗಳನ್ನು ಹೊಡೆದುಕೊಂಡು ಬೆಟ್ಟ ಹತ್ತಿದ.

ಕಡಲ ದಡದಲ್ಲಿ ಒಂದು ಮಹಾನಗರವಿತ್ತು. ಅದರ ಅರಸನಿಗೆ ಹಡಗುಗಳಿದ್ದವು, ಬೆಳ್ಳಿಯ ಗಣಿಗಳಿದ್ದವು. ಬೆಟ್ಟದ ಕೆಳಗಿನ ಬಯಲೂ ಅವನದೇ. ರಥದ ಪಂದ್ಯದಲ್ಲಿ ಅವನು ಹಲವು ಸಲ ಗೆದ್ದಿದ್ದ. ಆ ಪಂದ್ಯದಲ್ಲಿ ಗೆಲುವು ಸೇರುವುದು ರಥದ ಒಡೆಯನಿಗೆ, ಕುದುರೆಗಳನ್ನು ಓಡಿಸಿದವನಿಗಲ್ಲ. ಆದರೆ ಕಾಲೋಟದಲ್ಲಿ ಹಾಗಿಲ್ಲ. ಅಲ್ಲಿ ಓಡಿದವನೇ ಗೆಲ್ಲಬೇಕು. ಆ ಓಟದಲ್ಲಿ ಅವನ ನಗರದ ಹೆಸರನ್ನು ಜನ ಒಮ್ಮೆಯೂ ಕೂಗಿರಲಿಲ್ಲ. ಅದು ಅವನನ್ನು ಒಳಗೇ ಕೊರೆಯುತ್ತಿತ್ತು.

ಅರಸ ತಾನೇ ಬೆಟ್ಟ ಹತ್ತಿ ಬಂದ. ಲೈಕೋನ ಆಗ ಮೇಕೆಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ.

“ಬರುವ ಪಂದ್ಯದಲ್ಲೂ ನೀನೇ ಗೆಲ್ಲುವೆ ಎನ್ನುತ್ತಾರೆ” ಎಂದ ಅರಸ. “ನೀನು ಓಡು, ಗೆಲ್ಲು. ಊರು ಯಾವುದೆಂದು ಕೇಳಿದಾಗ ನನ್ನ ನಗರದ ಹೆಸರು ಹೇಳು. ಕಡಲಿಗೆ ಮುಖ ಮಾಡಿದ ಮನೆ ಕೊಡುತ್ತೇನೆ. ಹೊಲ, ತೋಟ, ಆಳುಕಾಳು ಕೊಡುತ್ತೇನೆ. ನನ್ನ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಉಣ್ಣುವೆಯಂತೆ.”

ಲೈಕೋನ ಮುಳ್ಳನ್ನು ಕಿತ್ತು ಎಸೆದು, ಮೇಕೆಯನ್ನು ಬಿಟ್ಟು ಎದ್ದು ನಿಂತ.

“ಅರಸರೇ, ನೀವು ಇಷ್ಟು ದೂರ ಹತ್ತಿ ಬಂದಿರಿ. ನೀರು ಕುಡಿಯಿರಿ. ಆದರೆ ಆ ಮಾತು ನನ್ನಿಂದ ಆಗುವುದಿಲ್ಲ. ಹುಟ್ಟಿದ್ದು ಇಲ್ಲಿ, ಓಡಲು ಕಲಿತದ್ದು ಇಲ್ಲಿ. ಊರು ಯಾವುದು ಎಂದು ಕೇಳಿದರೆ ಬೇರೆ ಏನು ಹೇಳಲಿ?”

ಅರಸ ನೀರು ಕುಡಿಯಲಿಲ್ಲ. “ಚಳಿಗಾಲದಲ್ಲಿ ನಿಮ್ಮ ಮೇಕೆಗಳು ಎಲ್ಲಿ ಮೇಯುತ್ತವೆ?” ಎಂದು ಕೇಳಿದ. ಉತ್ತರಕ್ಕೆ ಕಾಯದೆ ಕುದುರೆ ಹತ್ತಿ ಹೋದ.

ಉತ್ತರ ಅವನಿಗೆ ಗೊತ್ತಿತ್ತು. ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮ ಬೀಳುತ್ತದೆ, ಮೇವು ಸಿಗುವುದಿಲ್ಲ. ತಾತ ಮುತ್ತಾತಂದಿರ ಕಾಲದಿಂದಲೂ ಲಿಥಾಯದವರು ಮೇಕೆಗಳನ್ನು ಕೆಳಗಿನ ಬಯಲಿಗೆ ಇಳಿಸುತ್ತಿದ್ದರು. ವಾರ ಕಳೆಯುವುದರೊಳಗೆ ಅರಸ ಬಯಲಿನ ದಾರಿಯಲ್ಲಿ ಕಾವಲು ಹಾಕಿಸಿದ. ಲೈಕೋನ ಒಪ್ಪಿದ ದಿನ ಕಾವಲು ತೆಗೆಯುವುದಾಗಿ ಹೇಳಿ ಕಳಿಸಿದ.

ಊರು ಕಣದಲ್ಲಿ ಸೇರಿತು. ಲೈಕೋನ ನಡೆದದ್ದನ್ನು ಹೇಳಿದ. “ಬೇಡ ಎಂದವನು ನಾನು. ನೋವು ಎಲ್ಲರದು. ನೀವು ಹೇಳಿದಂತೆ ನಡೆಯುತ್ತೇನೆ” ಎಂದ.

ಮೊದಲು ದೋರೋನ ಎಂಬವನು ಎದ್ದ. ಅವನು ಕೆಟ್ಟವನಲ್ಲ. ಅವನಿಗೆ ಪುಟ್ಟ ಮಕ್ಕಳಿದ್ದರು.

“ಮೇಕೆ ಸತ್ತರೆ ನನ್ನ ಮಕ್ಕಳಿಗೆ ಹಾಲಿಲ್ಲ. ಊರಿನ ಹೆಸರನ್ನು ಬಟ್ಟಲಿಗೆ ಹಾಕಿ ಕುಡಿಸಲಾಗುತ್ತದೆಯೇ? ಲೈಕೋನ ಒಂದು ಸಲ ಹೇಳಿಬಿಡಲಿ. ನಾವೇ ಕೇಳಿಕೊಳ್ಳೋಣ.”

ಅವನ ಮಾತನ್ನು ಯಾರೂ ಹಳಿಯಲಿಲ್ಲ. ಹಲವರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಎಲ್ಲರೂ ಗ್ಲೌಕೆಯ ಕಡೆ ನೋಡಿದರು. ಅವಳು ಗಂಡ ಸತ್ತ ಹೆಂಗಸು. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಅವಳದು. ಆ ಹಿಂಡನ್ನು ಬಿಟ್ಟರೆ ಅವಳಿಗೆ ಬೇರೆ ಆಸರೆಯಿಲ್ಲ.

ಗ್ಲೌಕೆ ಕುಳಿತಲ್ಲಿಂದಲೇ ಹೇಳಿದಳು. “ನಾವು ಕೇಳಿದರೆ ಲೈಕೋನ ಇಲ್ಲ ಎನ್ನಲಾರ. ಅದು ನನಗೆ ಗೊತ್ತು. ಅದಕ್ಕೇ ನಾನು ಕೇಳಲಾರೆ.”

ದೋರೋನ ಕುಳಿತುಕೊಂಡ. ಮತ್ತೆ ಯಾರೂ ಏಳಲಿಲ್ಲ. ಲೈಕೋನನಿಗೆ ಅರಸನೆದುರು ಬೇಡ ಎನ್ನುವುದು ಕಷ್ಟವಾಗಿರಲಿಲ್ಲ. ಈ ಜನರ ಮುಖ ನೋಡುವುದು ಕಷ್ಟವಾಯಿತು. ಅವನು ತಲೆ ತಗ್ಗಿಸಿ ಅತ್ತ.

ಆ ಚಳಿಗಾಲ ಕೆಟ್ಟದಾಗಿತ್ತು. ಆಲಿವ್ ಮರದ ಕೊಂಬೆ ಕಡಿದು ಸೊಪ್ಪು ಹಾಕಿದರು. ಹುಲ್ಲಿನ ಹಾಸಿಗೆ ಬಿಚ್ಚಿ ಹಾಕಿದರು. ಸಾಲದೆ ಹೋಯಿತು. ಗ್ಲೌಕೆಯ ಹಿಂಡು ಅರ್ಧಕ್ಕೆ ಇಳಿಯಿತು. ದೋರೋನನ ಮೇಕೆಗಳು ಒಂದೊಂದಾಗಿ ಸತ್ತವು. ಹಾಲು ಕರೆಯುವ ಮೇಕೆ ಉಳಿದವರು ಅವನ ಮಕ್ಕಳಿಗೆ ಹಾಲು ಕೊಟ್ಟರು. ಲೈಕೋನ ತನ್ನ ಪಾಲಿನ ಹಾಲನ್ನು ಅಲ್ಲಿಗೇ ಕಳಿಸುತ್ತಿದ್ದ. ಜವೆಯ ರೊಟ್ಟಿ ತಿಂದು, ಹಿಮದ ಮೇಲೆ ಓಡಿ ಅಭ್ಯಾಸ ಮಾಡುತ್ತಿದ್ದ. ಮೈ ಬಡಕಲಾಯಿತು. ಆದರೂ ಊರಿನವರಲ್ಲಿ ಒಬ್ಬರೂ ಬಯಲಿನ ಕಾವಲಿನವರ ಮುಂದೆ ಹೋಗಿ ಕೈಯೊಡ್ಡಲಿಲ್ಲ.

ಬಿಸಿಲು ಬಂತು, ಪಂದ್ಯದ ಕಾಲವೂ ಬಂತು. ಊರಿನ ಗಂಡಸರು ರೊಟ್ಟಿ ಕಟ್ಟಿಕೊಂಡು ಲೈಕೋನನ ಜೊತೆ ನಡೆದೇ ಹೋದರು. ಅರಸನೂ ಬಂದಿದ್ದ. ಅಷ್ಟರಲ್ಲಿ ಅವನು ದ್ವೀಪವೊಂದರಿಂದ ಬೇರೊಬ್ಬ ಓಟಗಾರನನ್ನು ಕರೆಸಿಕೊಂಡಿದ್ದ. ಲೈಕೋನನಿಗೆ ಹೇಳಿದ್ದನ್ನೆಲ್ಲ ಅವನಿಗೆ ಕೊಟ್ಟಿದ್ದ. ಅವನು ಒಪ್ಪಿದ್ದ.

ಓಟ ನಡೆಯಿತು. ಕೊನೆಯವರೆಗೂ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಓಡಿದರು. ಕೊನೆಗೆ ದ್ವೀಪದವನು ಒಂದು ಹೆಜ್ಜೆ ಮುಂದೆ ಹೋದ. ಲೈಕೋನ ಸೋತ.

ಸಾರುವವನು ಗೆದ್ದವನನ್ನು ಕೇಳಿದ. ಅವನು ತನ್ನ ಹೆಸರು ಹೇಳಿದ. ತಂದೆಯ ಹೆಸರು ಹೇಳಿದ. ಊರು ಯಾವುದೆಂದು ಕೇಳಿದಾಗ ಒಂದು ಕ್ಷಣ ತಡೆದು, ಅರಸನ ನಗರದ ಹೆಸರು ಹೇಳಿದ. ನಗರದವರು ಕೂಗಿದರು. ಕೂಗುತ್ತಲೇ ಇವನು ಯಾರ ಮಗನಂತೆ ಎಂದು ಪಕ್ಕದವರನ್ನು ಕೇಳಿದರು. ದ್ವೀಪದಿಂದ ಬಂದವರು ಮುಖಕ್ಕೆ ಬಟ್ಟೆ ಎಳೆದುಕೊಂಡು ಎದ್ದು ಹೋದರು.

ಅರಸನಿಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಅವನಿಗೆ ಲಿಥಾಯದವರ ಮುಖ ನೋಡಬೇಕೆನಿಸಿತು. ಹುಡುಕಿಕೊಂಡು ಹೋದ. ಅವರು ಒಂದು ಮರದ ಕೆಳಗೆ ಲೈಕೋನನನ್ನು ನಡುವೆ ಕೂರಿಸಿಕೊಂಡು ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಅರಸನನ್ನು ಕಂಡು ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಮುಖ ತಿರುಗಿಸಲೂ ಇಲ್ಲ. ದೋರೋನ ಸ್ವಲ್ಪ ಸರಿದು ಜಾಗ ಮಾಡಿದ. “ಬನ್ನಿ, ಕೂತುಕೊಳ್ಳಿ” ಎಂದು ರೊಟ್ಟಿ ಮುರಿದು ಕೊಟ್ಟ. “ನಿಮ್ಮವನು ಚೆನ್ನಾಗಿ ಓಡಿದ.”

ಅರಸ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. “ನಿನ್ನ ಮೇಕೆಗಳು ಎಷ್ಟು ಉಳಿದಿವೆ?” ಎಂದು ಕೇಳಿದ.

“ಒಂದೂ ಉಳಿದಿಲ್ಲ.”

“ಇವನ ಒಂದು ಮಾತಿನಿಂದ ಹೀಗಾಯಿತು.”

“ಅಲ್ಲ, ನಿಮ್ಮ ಒಂದು ಮಾತಿನಿಂದ” ಎಂದ ದೋರೋನ. ಅವನ ದನಿಯಲ್ಲಿ ಬಿಸಿ ಇರಲಿಲ್ಲ. ಹೊಲದ ಎಲ್ಲೆ ತೋರಿಸುವವನಂತೆ ಹೇಳಿದ.

ಅರಸ ಲೈಕೋನನ ಕಡೆ ತಿರುಗಿದ. “ನಿನ್ನ ಊರು ನೋಡಿದ್ದೇನೆ. ಕಲ್ಲು, ಮೇಕೆ, ಜವೆ. ನನ್ನ ನಗರದಲ್ಲಿ ಇಲ್ಲದ್ದು ಅಲ್ಲೇನಿದೆ?”

ಲೈಕೋನ ಸುತ್ತ ಕುಳಿತವರನ್ನು ಒಮ್ಮೆ ನೋಡಿದ. “ಹೇಳಿಬಿಡು ಎಂದು ಇವರು ನನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ” ಎಂದ.

ಅರಸ ಹಿಂದಿರುಗಿದ. ಸಂಜೆ ಅವನ ಬಿಡಾರದಲ್ಲಿ ದೊಡ್ಡ ಔತಣ. ಗೆದ್ದವನು ದಂಡೆ ಮುಡಿದು ಅವನ ಪಕ್ಕದಲ್ಲೇ ಕೂತಿದ್ದ. ಅರಸ ಅವನನ್ನೇ ನೋಡುತ್ತಿದ್ದ. ಇದಕ್ಕಿಂತ ದೊಡ್ಡ ಪಂಕ್ತಿ ಹಾಕುವವನು ಕರೆದರೆ ಇವನು ನಾಳೆ ಅವನ ಊರಿನ ಹೆಸರು ಹೇಳುತ್ತಾನೆ ಎಂದು ಅವನಿಗೆ ಹೊಳೆಯಿತು. ಸುತ್ತ ನೋಡಿದ. ತುಂಬಿದ ಪಂಕ್ತಿಯಲ್ಲಿ ಹಾಗೆ ಹೇಳದವನು ಒಬ್ಬನೂ ಅವನ ಕಣ್ಣಿಗೆ ಬೀಳಲಿಲ್ಲ. ಊಟ ಮುಗಿಯುವ ಮೊದಲೇ ಎದ್ದುಹೋದ.

ಲಿಥಾಯದವರು ನಡೆದೇ ಊರಿಗೆ ಮರಳಿದರು. ಸೋತು ಬಂದವನನ್ನು ಊರಿನವರು ಬೆಟ್ಟದ ಬುಡಕ್ಕೆ ಇಳಿದು ಬಂದು ಎದುರುಗೊಂಡರು. ಗ್ಲೌಕೆ ತನ್ನ ಹಿಂಡಿನಿಂದ ಹಾಲು ಕರೆಯುವ ಒಂದು ಮೇಕೆಯನ್ನು ಬಿಡಿಸಿ ದೋರೋನನ ಅಂಗಳದಲ್ಲಿ ಕಟ್ಟಿದಳು. ಆ ಬೇಸಿಗೆಯೆಲ್ಲ ಊರು ಬೆಟ್ಟದ ಮೇಲಿನ ಹುಲ್ಲನ್ನು ಕೊಯ್ದು, ಒಣಗಿಸಿ, ಗುಡಿಸಲು ಕಟ್ಟಿ ಕೂಡಿಟ್ಟಿತು. ಮುಂದಿನ ಚಳಿಗಾಲಕ್ಕೆ ಬಯಲಿನ ಮೇವು ಅವರಿಗೆ ಬೇಕಾಗಲಿಲ್ಲ. ಲೈಕೋನ ಮತ್ತೆ ಪಂದ್ಯಕ್ಕೆ ಹೋದನೋ ಇಲ್ಲವೋ ಕತೆ ಹೇಳುವುದಿಲ್ಲ. ಮುದುಕನಾಗುವವರೆಗೂ ಅದೇ ಇಳಿಜಾರಿನಲ್ಲಿ ಮೇಕೆ ಕಾದ ಎನ್ನುತ್ತಾರೆ.

ಗುರುಗಳು ಮಾತು ನಿಲ್ಲಿಸಿದರು. ನಾಗಿದೇವ ಕೇಳಿದ.

“ಆ ಅರಸನ ಮನಸ್ಸು ಕರಗಿರಬೇಕಲ್ಲ, ಗುರುಗಳೇ. ಬಯಲಿನ ದಾರಿಯ ಕಾವಲು ತೆಗೆಸಿದನೇ?”

“ತನ್ನ ನಗರಕ್ಕೆ ಮರಳಿದ ದಿನವೇ ತೆಗೆಸಿದ, ಆದರೆ ಅದು ಲಿಥಾಯದವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಕಾವಲು ಇದೆಯೋ ಇಲ್ಲವೋ ಎಂದು ಅವರಲ್ಲಿ ಯಾರೂ ಹೋಗಿ ನೋಡಿರಲೇ ಇಲ್ಲ.”