ಬೋಳುದೊರೆಯ ಗುಡ್ಡ

ಸ್ಪೇನ್ ದೇಶದ ಉತ್ತರದ ಕಾಡುಗಳ ನಡುವೆ, ನೆತ್ತಿಯಲ್ಲಿ ಹುಲ್ಲುಕಡ್ಡಿಯೂ ಬೆಳೆಯದ ಗುಡ್ಡವೊಂದಿದೆ. ತುದಿಯಲ್ಲಿ ಮುರಿದ ಗೋಪುರ. ಹೆಸರು ಬೋಳುದೊರೆಯ ಗುಡ್ಡ. ಬಂಡೆ ನುಣ್ಣಗಿರುವುದರಿಂದ ಆ ಹೆಸರು ಬಂತೆಂದು ಹೊಸಬರು ಊಹಿಸುತ್ತಾರೆ. ಊರಿನ ಹಿರಿಯರು ಒಪ್ಪುವುದಿಲ್ಲ. ಬಂಡೆಯನ್ನು ಯಾರಾದರೂ ದೊರೆ ಎಂದು ಕರೆಯುತ್ತಾರೆಯೇ ಎಂದು ನಗುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ವೆಲಾಸ್ಕೊ ಎಂಬ ದೊರೆ ಆಳುತ್ತಿದ್ದನಂತೆ. ಸನ್ಯಾಸಿಯ ಹಾಗೆ ತಲೆ ಬೋಳಾದವನು ಸಿಂಹಾಸನ ಏರುವಂತಿಲ್ಲ, ಬಲವಂತದಿಂದ ಬೋಳಿಸಿದ್ದರೂ ಅಷ್ಟೇ ಎಂಬುದು ಆ ಕಾಲದ ಕಟ್ಟಳೆ. ವೆಲಾಸ್ಕೊ ತನ್ನ ಅಣ್ಣ ಮೂನಿಯೊನನ್ನು ಕಟ್ಟಿಹಾಕಿಸಿ, ತಲೆ ಬೋಳಿಸಿ, ಕಣಿವೆಯ ಮಠಕ್ಕೆ ತಳ್ಳಿ ಕಿರೀಟ ಧರಿಸಿದ್ದ. ಅಂದಿನಿಂದ ಅವನಿಗೆ ಕತ್ತಿಗಿಂತ ಕತ್ತರಿಯ ಭಯವೇ ಹೆಚ್ಚು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಎದುರಿಗಿದ್ದವರು ತಲೆ ತುರಿಸಿಕೊಂಡರೂ ಈತ ತನ್ನ ಕೂದಲು ತಡವಿಕೊಳ್ಳುತ್ತಿದ್ದ. ಕ್ಷೌರಿಕರನ್ನೆಲ್ಲ ಗುಡ್ಡದಿಂದ ಓಡಿಸಿದ. ತನ್ನ ತಲೆಗೆ ಅಲಗು ಸೋಕಿಸಿದವರನ್ನು ಬಂಡೆಯಿಂದ ಕೆಳಕ್ಕೆ ತಳ್ಳಬೇಕೆಂದು ಆಜ್ಞೆ ಮಾಡಿದ. ಸೊಂಟದವರೆಗೆ ಇಳಿದ ಆ ಕೂದಲನ್ನು ಬಾಚಲು ಅವನಿಗೆ ಎದೆಹಾಲೂಡಿಸಿದ ಸಾಕುತಾಯಿ ಗೊಂತ್ರೋದಳಿಗೆ ಮಾತ್ರ ಅಪ್ಪಣೆಯಿತ್ತು.

ಒಂದು ಬೇಸಿಗೆಯಲ್ಲಿ ದೊರೆಗೆ ಜ್ವರ ನೆತ್ತಿಗೇರಿತು. ಕೂದಲು ತೆಗೆದು ತಣ್ಣೀರುಬಟ್ಟೆ ಹಾಕದಿದ್ದರೆ ಸಂಜೆಯವರೆಗೂ ಉಳಿಯುವುದಿಲ್ಲ ಎಂದು ಹೇಳಿದ ವೈದ್ಯ, ತಾನು ಮಾತ್ರ ಮುಟ್ಟಲೊಲ್ಲದೆ ಗುಡ್ಡವಿಳಿದುಬಿಟ್ಟ. ಕಾವಲುಗಾರರು ಬಾಗಿಲಾಚೆಯೇ ನಿಂತರು. ಒಳಗೆ ಗೊಂತ್ರೋದ ಒಬ್ಬಳೇ ಉಳಿದಳು. ಕತ್ತರಿಸಿದರೆ ತನ್ನ ಜೀವ ಹೋಗುತ್ತದೆ, ಬಿಟ್ಟರೆ ಮಗನದು. ಹೆದರಿ ಹೆದರಿಯೇ ಕುರುಬರ ಹಟ್ಟಿಗೆ ಹೋಗಿ, ಉಣ್ಣೆ ಕತ್ತರಿಸುವ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಕತ್ತರಿ ತಾಗಿ ಎರಡು ಕಡೆ ನೆತ್ತಿ ಗೀರಿ ರಕ್ತ ಬಂತು. ಬಿಕ್ಕುತ್ತಲೇ ಒಂದೆಳೆಯೂ ಉಳಿಯದಂತೆ ಕತ್ತರಿಸಿದಳು.

ಬಿಸಿಲಿಳಿಯುವ ಹೊತ್ತಿಗೆ ಜ್ವರ ಬಿಟ್ಟಿತು. ದೊರೆ ಕಣ್ಣು ತೆರೆದು ತಲೆ ಮುಟ್ಟಿಕೊಂಡ. ಗೊಂತ್ರೋದ ಕತ್ತರಿಯನ್ನು ಅವನ ಮುಂದಿಟ್ಟಳು.

"ನಾನೇ ಮಾಡಿದ್ದು, ಮಗಾ. ಬೇರೆ ಯಾರನ್ನೂ ಹಿಡೀಬೇಡ."

ಅವನು ಬೋಳು ನೆತ್ತಿಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡ. ಆಮೇಲೆ ಕೇಳಿದ, "ತಲೆಗೆ ಇಷ್ಟೊಂದು ಚಳಿಯಾಗುತ್ತಾ ಅವ್ವಾ? ಅಣ್ಣನಿಗೂ ಹೀಗೇ ಆಗಿತ್ತಾ?"

ಅವಳು ಬಟ್ಟೆಯೊಂದನ್ನು ಅವನ ತಲೆಗೆ ಸುತ್ತಿದಳು. ಮರುದಿನ ಅವನು ಕಿರೀಟವನ್ನು ಹಾಸಿಗೆಯ ಮೇಲೆಯೇ ಬಿಟ್ಟು, ಅವಳ ಭುಜ ಹಿಡಿದುಕೊಂಡು, ಹೆಜ್ಜೆಹೆಜ್ಜೆಗೂ ಹೆದರುತ್ತ ಮಠದ ಕಡೆಗೆ ಇಳಿದನೆನ್ನುತ್ತಾರೆ.

ಆ ಮಠದ ಹಿತ್ತಿಲಲ್ಲಿ ಎರಡು ಸಮಾಧಿಗಳು ಒತ್ತೊತ್ತಾಗಿವೆ. ಎರಡರ ಮೇಲೂ ಬೋಳು ತಲೆಯ ಮನುಷ್ಯನನ್ನೇ ಕೆತ್ತಿದ್ದಾರೆ. ದೊರೆ ಯಾರು, ಅಣ್ಣ ಯಾರು ಎಂದು ನೋಡಲು ಬಂದವರಿಗೆ ಇಂದಿಗೂ ತಿಳಿಯುವುದಿಲ್ಲ.